ಹಾಡಿನ ಹಿಂದಿನ ಕೀಂ ಸದ್ದು

6 ನವೆಂಬರ್ 2006, ಸೋಮವಾರ. ಬೆಳಿಗ್ಗೆ 10

ಮತ್ತೆ ಅಳಿಸಿದೆ. ಮೂರನೇ ಸಲ. ಹೆಂಡತಿ ಚೆಲುವಿ ಹಾಡಿದ್ದು ಚೆನ್ನಾಗಿಯೇ ಇತ್ತು. ಹಿಂದೆ ಸಣ್ಣಗೆ ಕೀಂ... ಸೊಳ್ಳೆ ಕಿವಿಯೊಳಗೇ ಕೂತ ಹಾಗೆ. ಮೈಕಿನದಲ್ಲ — ಕಿತ್ತು ನೋಡಿದೆ. ಲ್ಯಾಪ್‌ಟಾಪೇ ಕಿರುಗುಟ್ಟುತ್ತಿದೆ. ಅಳಿಯ ವಿಜಯ್‌ಕುಮಾರ್ ನಿನ್ನೆ ತಂದುಕೊಟ್ಟದ್ದು. "ಕೆಂಪು ಬಟನ್ ಒತ್ತಿ, ಅತ್ತೆ ಕೈಲಿ ಹಾಡ್ಸಿ. ಅಷ್ಟೇ ಮಾವ." ಅಷ್ಟೇ ಅಂತೆ!

ಇಪ್ಪತ್ತನೇ ತಾರೀಖು ಚೆಲುವಿಯ ಗಂಟಲಿನ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಮಾತಿಲ್ಲ, ಹಾಡಿಲ್ಲ. ಡಿಸೆಂಬರ್ ಹತ್ತಕ್ಕೆ ಮಗಳು ತೇಜಸ್ವಿನಿಯ ಸೀಮಂತ. ನಮ್ಮ ಅಶೋಕಪುರಂನಲ್ಲಿ ಬಸುರಿಗೆ ಮಡಿಲಕ್ಕಿ ಹಾಕುವಾಗ ಸೋಬಾನೆ ಹೇಳುವವಳು ಚೆಲುವಿ. ಊರಿನ ಹೆಣ್ಣುಮಕ್ಕಳಿಗೆಲ್ಲ ಹೇಳಿದ್ದಾಳೆ, ಸ್ವಂತ ಮಗಳಿಗೆ ತಪ್ಪಬಾರದು. ಅದಕ್ಕೇ ಈ ರೆಕಾರ್ಡಿಂಗ್.

7 ನವೆಂಬರ್

ಪ್ಲಗ್ ಹಾಕಿದರೆ ಗುಂಯ್. ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಇಟ್ಟರೆ ಕೀಂ. ಎರಡರಲ್ಲಿ ಒಂದು ಇದ್ದೇ ಇರುತ್ತದೆ. ಕಂಬಳಿ ಹೊದಿಸಿದೆ, ರಟ್ಟಿನ ಡಬ್ಬಿಯೊಳಗೆ ಇಟ್ಟೆ, ಕಿಟಕಿ ಬಾಗಿಲು ಜಡಿದೆ. ಒಳಗೆ ಬೆವರು, ಉಸಿರು ಕಟ್ಟುತ್ತದೆ. ಕೀಂ ಮಾತ್ರ ಹಾಯಾಗಿದೆ.

"ನಂಗೇನೂ ಕೇಳಾಕಿಲ್ಲ" ಅಂದಳು ಚೆಲುವಿ.

ಅವಳಿಗೆ ಕೇಳದಿದ್ದರೆ? ಇಪ್ಪತ್ತೇಳು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವನು ನಾನು. ಮದುವೆ, ಜಯಂತಿ, ಎಲೆಕ್ಷನ್ — ಒಂದು ದಿನವೂ ಸ್ಪೀಕರ್ ಕುಂಯ್ ಅಂತ ಕೂಗಿಲ್ಲ. 'ಕಾಳಯ್ಯನ ಸೆಟ್ ಕೂಗಲ್ಲ' ಅಂತ ಜನ ಹುಡುಕಿಕೊಂಡು ಬರುತ್ತಿದ್ದರು. ಹೆಂಡತಿಯ ಹಾಡಿಗೆ ಕೂಗುವ ಸೆಟ್ಟೇ?

8 ನವೆಂಬರ್

ದೀಪ ಹಚ್ಚದೆ, ಮುಂದೆ ಮೊರದಲ್ಲಿ ಅಕ್ಕಿ ಇಡದೆ ಅವಳು ಸೋಬಾನೆ ಎತ್ತುವುದಿಲ್ಲ. ಪ್ರತಿ ಟೇಕಿಗೂ ಅದೇ. ಆರಿಸುವುದು, ಹಚ್ಚುವುದು. ಇವತ್ತು ಆರು ಸಲ. ಕೊನೆಗೆ ರೇಗಿಬಿಟ್ಟಳು, ರೇಗಿಯೇ ಮತ್ತೆ ಎತ್ತಿದಳು; ನಡುವೆಯೇ ನಿಲ್ಲಿಸಿದೆ. ಅಷ್ಟರಲ್ಲಿ ಹಾಲು ಉಕ್ಕಿತು, ಎಲ್ಲ ಬಿಟ್ಟು ಓಡಿದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಮಾತಾಡದೆ ಕಳೆಯುವ ದಿನಗಳೇ ಇವು? ಥೂ, ನನ್ನ ಬುದ್ಧಿಗಿಷ್ಟು.

ಸಂಜೆ ಅವಳೇ ಬಂದಳು. "ಅಟ್ಟದ ಮೇಲೆ ಹಳೆ ಟೇಪ್ ರೆಕಾರ್ಡರ್ ಅದೆಯಲ್ಲ, ಅದರಾಗೇ ಮಾಡ್ಬುಡಿ."

ಅದರ ಹೆಡ್ ಸವೆದಿದೆ, ಬರೀ ಹಿಸ್ ಅನ್ನುತ್ತೆ ಅಂದೆ.

10 ನವೆಂಬರ್, ಶುಕ್ರವಾರ

ಬಸ್ಸಿನಲ್ಲಿ ಮಂಡಿ ಮೊಹಲ್ಲಾಕ್ಕೆ. ಮಗುವಿನ ಹಾಗೆ ಲ್ಯಾಪ್‌ಟಾಪ್ ತೊಡೆಯ ಮೇಲೆ. ಆಂಪ್ಲಿಫೈಯರ್ ರಿಪೇರಿಯ ಏಕಾಂತಯ್ಯ ನನ್ನ ಹಳೇ ದೋಸ್ತ್, ಈಗ ಕಂಪ್ಯೂಟರನ್ನೂ ನೋಡುತ್ತಾರೆ. ಅಂಗಡಿಯ ಮೌಸ್ ಚುಚ್ಚಿಕೊಂಡು ಅರ್ಧ ಗಂಟೆ ತಡಕಾಡಿದರು. ಹೊರಗೆ ಲಾರಿ, ಹಮಾಲಿಗಳ ಕೂಗು. ಕಿವಿ ಒತ್ತಿಟ್ಟು ಕೇಳಿದೆ. ಸದ್ದೇ ಇಲ್ಲ!

"ಮಷೀನ್ ಸರಿಯಾಗೇ ಇದೆ ಕಣ್ರೀ. ಕೆಟ್ಟಿರೋದು ನಿಮ್ ಕಿವಿ. ಮನೇಗ್ ಹೋಗಿ, ಮನೆಯವರು ಮಾತಾಡೋದನ್ನ ಕೇಳುಸ್ಕೊಳ್ಳಿ ಸ್ವಲ್ಪ."

ಅವಮಾನವಾಯಿತು. ಮನೆಗೆ ಬಂದು ಆನ್ ಮಾಡಿದೆ. ಕೀಂ.

11 ನವೆಂಬರ್

ಆಫ್ ಮಾಡಿದರೂ ಕೇಳುತ್ತಿದೆ. ಸ್ನಾನ ಮಾಡುವಾಗ, ಊಟಕ್ಕೆ ಕೂತಾಗ. ಚೆಲುವಿಯ ದನಿ ನಿನ್ನೆಗಿಂತ ಒಡೆದಿದೆ. ಗಂಟಲಿಗೆ ಕೆಲಸ ಕೊಡಬೇಡಿ ಅಂದಿದ್ದರು ಡಾಕ್ಟರು. ಇವತ್ತೂ ನಾಲ್ಕು ಟೇಕ್. ನಾಲ್ಕನ್ನೂ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ... ಅಚ್ಚುಕಟ್ಟು ಮನುಷ್ಯ ನಾನು. ಇನ್ನೂ ಒಂಬತ್ತು ದಿನ ಇದೆ.

12 ನವೆಂಬರ್, ಭಾನುವಾರ. ಮಧ್ಯಾಹ್ನ 12

ಆಸ್ಪತ್ರೆಯಿಂದ ಫೋನ್. ಡಾಕ್ಟರು ರಜೆ ಹೋಗುತ್ತಾರಂತೆ. ನಾಳೆಯೇ ಅಡ್ಮಿಟ್, ನಾಡಿದ್ದು ಆಪರೇಷನ್.

ಸಂಜೆ 5

ತೇಜಸ್ವಿನಿ ಬಟ್ಟೆ ಜೋಡಿಸಿಕೊಡಲು ಬಂದಳು. ಏಳು ತಿಂಗಳ ಬಸುರಿ, ಮೇಲುಸಿರು ಬಿಡುತ್ತಿದ್ದಳು. ಲ್ಯಾಪ್‌ಟಾಪ್ ನೋಡಿ, "ಮೌಸ್ ಇಲ್ದೆ ಎಂಗೆ ಮಾಡ್ತಾ ಇದ್ದೆ ಅಪ್ಪಾ?" ಅಂತ ಬ್ಯಾಗಿನಿಂದ ತೆಗೆದು ಚುಚ್ಚಿದಳು.

ಸದ್ದು ನಿಂತಿತು.

ಕಿತ್ತೆ — ಕೀಂ. ಚುಚ್ಚಿದೆ — ನಿಶ್ಶಬ್ದ. ಐದಾರು ಸಲ ಮಾಡಿದೆ. ಮಷೀನು ಏನೂ ಕೆಲಸವಿಲ್ಲದೆ ತೂಕಡಿಸುವಾಗ ಕಿರುಚುತ್ತಿತ್ತು, ಮೌಸ್ ಇದ್ದರೆ ತೂಕಡಿಸುವುದಿಲ್ಲ. ಇಷ್ಟೇ! ಏಕಾಂತಯ್ಯನ ಅಂಗಡಿಯಲ್ಲಿ ಕಣ್ಣೆದುರೇ ಇತ್ತು.

"ಚೆಲುವಿ, ಬಾರೇ, ಈಗ ಹಾಡೇ!" ದೀಪ ನಾನೇ ಹಚ್ಚಿದೆ. ಮೊರದಲ್ಲಿ ಅಕ್ಕಿ ಇಟ್ಟೆ. ಕೆಂಪು ಬಟನ್ ಒತ್ತಿದೆ. ಅವಳು ಬಾಯಿ ತೆರೆದಳು. ಬರೀ ಗಾಳಿ ಬಂತು. ನೀರು ಕುಡಿದಳು, ಮತ್ತೆ ಎತ್ತಿದಳು. ಗಾಳಿ. ಕೊನೆಗೆ ನನ್ನ ಕೈ ಮೇಲೆ ಕೈಯಿಟ್ಟು ತಲೆ ಆಡಿಸಿದಳು.

ಇದ್ದ ದನಿಯನ್ನೆಲ್ಲ ಖರ್ಚು ಮಾಡಿಸಿದವನು ನಾನೇ. ರೋಗವಲ್ಲ, ನಾನು.

29 ನವೆಂಬರ್

ನಿನ್ನೆ ಮನೆಗೆ ಬಂದೆವು. ಕತ್ತಿನಲ್ಲಿ ತೂತು, ಅದರಲ್ಲೇ ಉಸಿರು. ಒಂದು ಸ್ಲೇಟು ಕೊಂಡೆ. ಅವಳು ಮೊದಲು ಬರೆದದ್ದು — 'ಹಾಲು ನೋಡಿ'.

3 ಡಿಸೆಂಬರ್

ಲ್ಯಾಪ್‌ಟಾಪ್ ವಾಪಸ್ ಒಯ್ಯಲು ಬಂದ ವಿಜಯ್‌ಕುಮಾರ್ ಕೂಗಿದ. "ಮಾವ, ಒಂದ್ ಫೈಲ್ ಉಳಿದದೆ!" ನವೆಂಬರ್ ಎಂಟನೇ ತಾರೀಖಿನದು. ಹಾಲು ಉಕ್ಕಿದ ದಿನ ಅಳಿಸಲು ಮರೆತದ್ದು.

ಇಡೀ ಸೋಬಾನೆ ಇಲ್ಲ. ಮೊದಲು ನನ್ನ ಒನ್ ಟೂ ತ್ರೀ. ಆಮೇಲೆ ಅವಳ ಬೈಗುಳ. ಆಮೇಲೆ ಹಾಡು, ಒಂದೂವರೆ ಸಾಲು. ಎಲ್ಲದರ ಹಿಂದೆ ಕೀಂ. ಕೊನೆಗೆ...

ಕೀಂ ತೆಗೆಯಲು ಸಾಫ್ಟ್‌ವೇರ್ ಇದೆ ಅಂತ ಅವನು ಏನೋ ಮಾಡಿದ. ಕೀಂ ಹೋಯಿತು. ಜೊತೆಗೆ ಅವಳ 'ಸ'ಗಳೂ ಹೋದವು, ಕೊಡದೊಳಗಿಂದ ಯಾರೋ ಹಾಡಿದ ಹಾಗೆ. ಬೇಡ ಅಂದೆ. ಇದ್ದದ್ದು ಇದ್ದ ಹಾಗೇ ಇರಲಿ. "ಕೊನೇದೊಂದು ಕಟ್ ಮಾಡ್ಬುಡಪ್ಪ" ಅಂದೆ.

ಚೆಲುವಿ ಸ್ಲೇಟಿನಲ್ಲಿ ಬರೆದಳು — 'ಅದೂ ಇರಲಿ'.

10 ಡಿಸೆಂಬರ್, ಭಾನುವಾರ. ಬೆಳಿಗ್ಗೆ 11

ಒಳಕೋಣೆಯಲ್ಲಿ ಕೂತಿದ್ದೇನೆ. ಹೆಂಗಸರ ಮುಂದೆ ಹೋಗಲು ಮುಖವಿಲ್ಲ. ತೇಜಸ್ವಿನಿಯನ್ನು ಹಸೆಗೆ ಕೂರಿಸಿದ್ದಾರೆ. ದೀಪ ಹಚ್ಚಿದ್ದಾಳೆ ಚೆಲುವಿ, ವಿಜಯ್‌ಕುಮಾರ್ ಮತ್ತೆ ತಂದ ಲ್ಯಾಪ್‌ಟಾಪಿನ ಬಟನ್ ಕೂಡ ಅವಳೇ ಒತ್ತಿದಳು, ಬಾಗಿಲ ಸಂದಿಯಲ್ಲಿ ಕಂಡಿತು. ನನ್ನ ಹಳೆಯ ಸ್ಪೀಕರ್ ಬಾಕ್ಸು.

ಪಕ್ಕದ ಮನೆ ಬೀರಮ್ಮ ಕೇಳುತ್ತಿದ್ದಾಳೆ. "ಅದೇನವ್ವಾ ಹಿಂದ್ಗಡೆ ಕೀಂ ಅಂತದೆ?"

ಕೊನೆಗೂ ಒಬ್ಬರಿಗೆ ಕೇಳಿತು.

ಸ್ಪೀಕರಿನಲ್ಲಿ ಚೆಲುವಿಯ ಬೈಗುಳ: "ಹಾಡು ಅಂತೀರಿ, ಹಾಡುದ್ರೆ ಸಾಕು ಅಂತೀರಿ. ನಾನೇನು ನಿಮ್ ಮೈಕ್ ಸೆಟ್ಟಾ?" ಎಲ್ಲರೂ ನಗುತ್ತಿದ್ದಾರೆ. ತೇಜಸ್ವಿನಿ ಅಳುತ್ತಿದ್ದಾಳೆ.

ಈಗ ಹಾಡು. ಮೊದಲ ಸಾಲು ಆಯಿತು. ಎರಡನೆಯದು ಎತ್ತಿದಳು. ಎಷ್ಟು ಚೆನ್ನಾಗಿ ಎತ್ತಿದ್ದಾಳೆ... ಅವತ್ತು ಇದು ನನಗೆ ಕೇಳಲೇ ಇಲ್ಲ. ಇನ್ನೇನು ನನ್ನ ದನಿ ಬರುತ್ತದೆ. ಬಂತು —

"ನಿಲ್ಸು, ನಿಲ್ಸು, ಚೆಲು—" ಅಲ್ಲಿಗೆ ರೆಕಾರ್ಡಿಂಗ್ ಮುಗಿಯಿತು.