ಹಡಗಿಗೆ ಯಾವ ಸೀರೆ

ಜೂನ್ 9, ಭಾನುವಾರ

ಬೆಳಿಗ್ಗೆ ದೋಸೆ. ಅತ್ತೆಗೆ ಬಿ.ಪಿ. ಮಾತ್ರೆ. ಇವರು ಇವತ್ತೂ ಪೇಂಟ್ ಅಂಗಡಿಯ ಅರ್ಧ ಬಾಗಿಲು ತೆಗೆದು ಕೂತಿದ್ದರು — ಗೋಡೆಗೆ ಬಣ್ಣ ಬಳಿಯೋರಿಗೆ ಭಾನುವಾರವೇ ಅಲ್ವಾ ಬಿಡುವು ಅಂತ. ಮಧ್ಯಾಹ್ನ ಬಂದವರೇ ಮೊಬೈಲು ನನ್ನ ಮೂಗಿಗೆ ಹಿಡಿದರು. ಪೇಂಟ್ ಕಂಪನಿಯ ಮೆಸೇಜು. ಮೂರು ವರ್ಷ ಒದ್ದಾಡಿ ಮುಟ್ಟಿದ ಟಾರ್ಗೆಟ್ಟಿಗೆ ಬಹುಮಾನ. ನವೆಂಬರಿನಲ್ಲಿ ಮುಂಬೈಯಿಂದ ಹಡಗು, ಮೂರು ರಾತ್ರಿ, ಗಂಡ ಹೆಂಡತಿ ಇಬ್ಬರಿಗೂ.

ಜೊತೆಗೆ ಬಟ್ಟೆಯ ಪಟ್ಟಿ. ಹಳೇ ಪದ್ಧತಿಯ ಹಡಗಂತೆ. ಒಂದು ರಾತ್ರಿ ಫಾರ್ಮಲ್ — ಗಂಡಸರಿಗೆ ಕೋಟು ಟೈ, ಹೆಂಗಸರಿಗೆ ಗೌನು ಇಲ್ಲಾ ರೇಷ್ಮೆ ಸೀರೆ. ಇನ್ನೊಂದು ರಾತ್ರಿ ಎಲ್ಲರೂ ಬಿಳಿ. ಚಪ್ಪಲಿ ಮೆಟ್ಟಿಕೊಂಡು ಹೋದರೆ ಊಟದ ಹಾಲಿಗೇ ಬಿಡಲ್ಲವಂತೆ.

"ಉಣ್ಣಾಕೂ ಬೂಟ್ಸ್ ಆಕಬೇಕಾ? ಮದ್ವೆ ಮನೇನ್ಲಾ ಅದು?" — ಅತ್ತೆ.

"ಮದ್ವೇನೇ ಅನ್ಕೊ ಅವ್ವ. ನಮ್ಮಿಬ್ರುದೇ, ಎರಡ್ನೇ ಸಲ" ಅಂದರು ಇವರು. ಹೆತ್ತ ತಾಯಿಯ ಮುಂದೆ. ನಾಚಿಕೆ ಇಲ್ಲದ ಮನುಷ್ಯ.

ಜೂನ್ 23, ಭಾನುವಾರ

ಮೈಸೂರಿಗೆ ಹೋಗಿ ಇವರೇ ಸೀರೆ ಆರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅಂಗಡಿಯವನು "ರಾಮಾ ಗ್ರೀನ್" ಅಂದದ್ದೇ ತಡ, ಇವರು — "ರಾಮಚಂದ್ರನ ಹೆಂಡ್ತಿಗೆ ಇನ್ಯಾವ್ ಬಣ್ಣ, ಕಟ್ಟಿ ಇದ್ನೇ." ಹೆಸರಿಟ್ಟ ಅತ್ತೆಗೆ ಥ್ಯಾಂಕ್ಸ್ ಹೇಳಬೇಕು.

ಬರುವಾಗ ಪಾಂಡವಪುರದಲ್ಲಿ ಇಳಿದು ಟೈಲರ್ ಚೌಡಯ್ಯನ ಹತ್ತಿರ ಕೋಟಿಗೆ ಅಳತೆ. ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದರು.

"ಉಸ್ರು ಬುಡಿ ಸಾ. ಕೋಟು ಆಕ್ಕಂಡ್ ಮೇಲೂ ಉಸ್ರಾಡ್ಬೇಕಲ್ವಾ" ಅಂದ ಚೌಡಯ್ಯ.

ಬಸ್ಸಿನಲ್ಲಿ ಕಿಟಕಿ ಕಡೆ ನೋಡಿಕೊಂಡು ಹೇಳಿದರು — ಹಡಗಿನಲ್ಲಿ ನಿನ್ನ ಕೈ ಹಿಡ್ಕೊಂಡು ಊಟಕ್ಕೆ ಹೋಗೋದು ಅಂತ. ನಮ್ಮ ಕೆ.ಆರ್. ಪೇಟೆಯಲ್ಲಿ ಒಂದು ದಿನವೂ ಹಿಡಿದವರಲ್ಲ. ಖುಷಿಯಾಗಿತ್ತು.

ಸೆಪ್ಟೆಂಬರ್ 4, ಬುಧವಾರ

ಎರಡು ತಿಂಗಳಿಂದ ಬರೆದಿಲ್ಲ. ಏನಂತ ಬರೆಯೋದು.

ಜುಲೈ ಹನ್ನೊಂದಕ್ಕೆ ಹೋಗಿಬಿಟ್ಟರು. ಅಂಗಡಿಯಲ್ಲಿ ಪ್ರೈಮರ್ ಡಬ್ಬ ಎತ್ತಿ ಕೊಡುತ್ತಾ ಕುಸಿದರಂತೆ. ಹಾರ್ಟು. ಆಸ್ಪತ್ರೆ ಮುಟ್ಟಲಿಲ್ಲ. ಶ್ರೀರಂಗಪಟ್ಟಣದಲ್ಲಿ ಬೂದಿ ಬಿಟ್ಟದ್ದೂ ಆಯಿತು, ಹನ್ನೊಂದನೇ ದಿನ ನನ್ನ ಬಳೆ ತೆಗೆದದ್ದೂ ಆಯಿತು. ಈಗ ಅಂಗಡಿ ನಾನೇ ತೆಗೀತೀನಿ, ನಾನೇ ಹಾಕ್ತೀನಿ.

ಇವತ್ತು ಚೌಡಯ್ಯನ ಫೋನು. "ಮೇಡಮ್ಮೋರೆ, ಸಾಹುಕಾರ್ರು ಟ್ರಯಲ್‌ಗೆ ಬರ್ಲೇ ಇಲ್ವಲ್ಲ." ಅವನಿಗೆ ಸುದ್ದಿ ಮುಟ್ಟಿಲ್ಲ. ಹೇಳಿದೆ. ಆ ಕಡೆ ಮಿಷನ್ನಿನ ಸದ್ದು ನಿಂತಿತು. ಆಮೇಲೆ ಮೆಲ್ಲಗೆ — "ಕಚ್ಚಾ ಹೊಲ್ಗೆ ಆಕಿವ್ನಿ ಕಣಮ್ಮ. ಬಿಚ್ಬುಡ್ಲಾ?"

ಬಿಚ್ಚಿ ಅಂದೆ. ಫೋನಿಟ್ಟ ಮೇಲೆ ಯಾಕಾದರೂ ಅಂದೆನೋ ಅನ್ನಿಸಿ ಸಾಯಂಕಾಲದ ತನಕ ಅಳು.

ಅಕ್ಟೋಬರ್ 20, ಭಾನುವಾರ

ಕಂಪನಿಯ ಸೇಲ್ಸ್ ಆಫೀಸರ್ ಕುಮಾರ್ ಬಂದಿದ್ದರು. ಟಿಕೆಟ್ಟು ನನ್ನ ಹೆಸರಿಗೆ ಆಗುತ್ತಂತೆ, ಜೊತೆಗೆ ಮನೆಯವರು ಒಬ್ಬರು. ಮಗಳು ಭೂಮಿಕಗೆ ಆದಿಚುಂಚನಗಿರಿ ಕಾಲೇಜಿನಲ್ಲಿ ಪರೀಕ್ಷೆ, ಬರೋಕಾಗಲ್ಲ. ಬೇಡ ಅನ್ನೋಣ ಅಂತಲೇ ಇದ್ದೆ.

ಅಷ್ಟರಲ್ಲಿ ಬೇಡ ಅನ್ನುವ ಕೆಲಸ ಚಿಕ್ಕಬೋರಮ್ಮ ಮಾಡಿದರು. ಅತ್ತೆಯ ತಂಗಿ, ಕಿರಂಗೂರಿನವರು, ನಿನ್ನೆಯಿಂದ ಇಲ್ಲೇ ಇದ್ದಾರೆ. "ವರ್ಸ ತುಂಬಿಲ್ಲ. ಮುಂಡೆ ಆದೋಳು ಸಿಂಗಾರ ಮಾಡ್ಕಂಡು ಅಡ್ಗು ಅತ್ತುದ್ರೆ ನೋಡ್ದೋರು ಏನಂದಾರು?"

ಆ ಮಾತು ಕಿವಿಗೆ ಬಿದ್ದದ್ದೇ ಹೋಗಲೇಬೇಕು ಅನ್ನಿಸಿತು. ನನ್ನ ಬುದ್ಧಿಯೇ ಹೀಗೆ, ಮೊದಲಿಂದ.

ಅತ್ತೆ ಹುರುಳಿ ಆರಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. "ಜೊತ್ಗೆ ನಾನೋಯ್ತೀನಿ. ನನ್ ಮಗ ಗೆದ್ದಿದ್ದು. ನೋಡ್ಕ ಬತ್ತೀನಿ." ನಮ್ಮತ್ತೆ ಮೂಗಮ್ಮ ಒಂದು ಸಲ ಅಂದರೆ ಮುಗೀತು. ತಂಗಿ ಗೊಣಗಿಕೊಂಡು ಒಳಗೆ ಹೋದರು.

ಆಮೇಲೆ ಕೇಳಿದೆ — ಫಾರ್ಮಲ್ ರಾತ್ರಿಗೆ ಅವರು ತಂದ ಸೀರೆ ಉಡಲಾ ಅತ್ತೆ? ಹುರುಳಿಯಲ್ಲಿ ಕಲ್ಲು ಹುಡುಕ್ತಾನೇ ಇದ್ದರು.

ಅತ್ತೆ ನಲವತ್ತೈದು ವರ್ಷದಿಂದ ಬಿಳಿ ಸೀರೆ. ಇವರು ಮೂರು ವರ್ಷದ ಕೂಸಾಗಿದ್ದಾಗಿನಿಂದ. ಅಂಥವರನ್ನು ನಾನು ಬಣ್ಣದ ಮಾತು ಕೇಳಬಾರದಿತ್ತೇನೋ. ಆದರೂ ಅವರ ಬಾಯಿಂದ ಒಂದು ಮಾತು ಬೇಕಿತ್ತು. ಊರು ಹಾಳಾಗಿ ಹೋಗಲಿ, ಅವರು ಉಟ್ಕೊ ಅಂದಿದ್ದರೆ ಸಾಕಿತ್ತು.

ನವೆಂಬರ್ 26, ಮಂಗಳವಾರ

ಸೂಟ್‌ಕೇಸು. ರಾಮಾ ಗ್ರೀನ್ ಇಟ್ಟೆ. ತೆಗೆದೆ. ಮತ್ತೆ ಇಟ್ಟೆ. ಹಗಲಿಗೆ ಎರಡು ನೈಲಾನ್ ಸೀರೆ. ಬಿಳಿ ರಾತ್ರಿಗೆ ಕೆನೆ ಬಣ್ಣದ್ದು — ಪೂರ್ತಿ ಬಿಳಿ ಉಡೋಕೆ ಧೈರ್ಯ ಇಲ್ಲ. ಒಂದು ಸಲ ಉಟ್ಟರೆ ಮೈಮೇಲೇ ನಿಂತುಬಿಡುತ್ತೆ ಅನ್ನೋ ಭಯ. ಅತ್ತೆಗೆ ಆ ತಾಪತ್ರಯವೇ ಇಲ್ಲ. ನಾಲ್ಕು ಬಿಳಿ, ಮಡಿಸಿ ಕವರಿಗೆ.

ನವೆಂಬರ್ 29, ಶುಕ್ರವಾರ. ಹಡಗು.

ನಿನ್ನೆ ಸಂಜೆ ಮುಂಬೈಯಲ್ಲಿ ಹತ್ತಿದೆವು. ಕ್ಯಾಬಿನ್ನು ನಮ್ಮ ಅಡುಗೆಮನೆಯಷ್ಟು. ಇವತ್ತೇ ಫಾರ್ಮಲ್. ಸಂಜೆ ಸೀರೆ ಹಾಸಿಗೆ ಮೇಲೆ ಹರಡಿ ಸುಮ್ಮನೆ ಕೂತಿದ್ದೆ. ಅತ್ತೆ ಕಿಟಕಿಯಲ್ಲಿ ನೀರು ನೋಡುತ್ತಿದ್ದರು. ತಿರುಗದೆಯೇ ಅಂದರು — "ಒತ್ತಾಯ್ತದೆ. ಉಟ್ಕೊ. ಅವ್ನ್ ತಂದಿದ್ದು."

ಉಟ್ಟೆ. ಬೋಳು ಹಣೆ, ಬೋಳು ಕೈ, ಮೈಮೇಲೆ ಮಾತ್ರ ರೇಷ್ಮೆ. ಯಾರದೋ ಸೀರೆ ಕದ್ದು ಉಟ್ಟವಳ ಹಾಗೆ ಕಂಡೆ.

ಊಟದ ಹಾಲಿನ ಬಾಗಿಲಲ್ಲಿ ಫೋಟೋದವನು ಜೋಡಿ ಜೋಡಿಯಾಗಿ ನಿಲ್ಲಿಸುತ್ತಿದ್ದ. ಕೋಟು, ಪಕ್ಕಕ್ಕೆ ರೇಷ್ಮೆ. ಕೋಟು, ಪಕ್ಕಕ್ಕೆ ರೇಷ್ಮೆ. ನನ್ನನ್ನೂ ನಿಲ್ಲಿಸಿ "ಸರ್?" ಅಂತ ನನ್ನ ಬೆನ್ನ ಹಿಂದೆ ನೋಡಿದ. ನಾನೂ ತಿರುಗಿ ನೋಡಿದೆ. ಪೆದ್ದಿ. ಬರ್ತಾ ಇದ್ದಾರೆ ಅನ್ನೋ ಹಾಗೆ.

ಅತ್ತೆ ಬಂದು ಪಕ್ಕದಲ್ಲಿ ನಿಂತರು. ನನ್ನ ಕೈ ಹಿಡಿದುಕೊಂಡರು. "ತಗೀಲಾ ಪೋಟೋವ" ಅಂದರು. ಅವನಿಗೆ ಕನ್ನಡ ಬರದು, ಆದರೂ ತೆಗೆದ.

ನವೆಂಬರ್ 30, ಶನಿವಾರ

ಬಿಳಿ ರಾತ್ರಿ. ಮುನ್ನೂರು ನಾನೂರು ಜನ. ಬಿಳಿ ಪ್ಯಾಂಟು, ಬಿಳಿ ಗೌನು, ಬಿಳಿ ಸೀರೆ. ಹಾಡು, ಕುಣಿತ. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಎಲ್ಲರನ್ನೂ ನೋಡಿ ನನ್ನ ಕಿವಿಯಲ್ಲಿ ಕೇಳಿದರು.

"ಇವ್ರೆಲ್ಲಾರ್ಗೂ ಗಂಡ ಇಲ್ವೇನವ್ವ?"

ನಕ್ಕುಬಿಟ್ಟೆ. ಜುಲೈನಿಂದ ಮೊದಲ ಸಲ. "ಇಲ್ಲ ಅತ್ತೆ, ಖುಷಿಗೆ ಉಟ್ಟವ್ರೆ."

"ಕುಸಿಗಾ..."

ಅವರು ನಗಲಿಲ್ಲ. ಮೊಸರನ್ನ ಎರಡು ತುತ್ತು, ಸಾಕು ಅಂದರು. ರೂಮಿಗೆ ಬಂದ ಮೇಲೆ ತಾವಾಗಿಯೇ — "ನಂಗಾಗ ಇಪ್ಪತ್ನಾಕು. ಉಡ್ಸುದ್ರು. ಬೇಕಾ ಬ್ಯಾಡ್ವಾ ಅಂತ ಒಬ್ರೂ ಕೇಳ್ನಿಲ್ಲ."

ಅವರ ಕಾಲು ಒತ್ತಿದೆ.

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 7.

ಒಂಬತ್ತಕ್ಕೆ ಇಳಿಯಬೇಕು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ನನ್ನ ನೀಲಿ ನೈಲಾನ್ ಸೀರೆ ಉಟ್ಟು ಕನ್ನಡಿ ಮುಂದೆ ನಿಂತಿದ್ದರು. ತಲೆ ಮೇಲೆ ಸೆರಗಿಲ್ಲ. ಅರವತ್ತೊಂಬತ್ತು ವರ್ಷ.

"ಯಂಗೈತವ್ವ?"

ನಮ್ಮನೆಯವರದೇ ಮುಖ. ಬಿಳಿಯಲ್ಲಿ ಇಷ್ಟು ವರ್ಷ ನನಗೆ ಕಂಡೇ ಇರಲಿಲ್ಲ. ಚೆನ್ನಾಗೈತೆ ಅತ್ತೆ ಅಂದೆ. ನಿಜವಾಗಿ ಚೆನ್ನಾಗಿತ್ತು.

"ಇಂಗೇ ಇಳ್ಯಾನಾ?"

ನಗ್ತಾ ಕೇಳಿದರು. ಆದರೆ ಕೇಳಿದರು.

ಪೇಟೆ ಬಸ್‌ಸ್ಟಾಂಡಿಗೆ ಚಿಕ್ಕಬೋರಮ್ಮ ಬರ್ತೀನಿ ಅಂದಿದ್ದಾರೆ. ಮಗ ಸತ್ತು ಐದು ತಿಂಗಳು ತುಂಬಿಲ್ಲ, ತಾಯಿ ನೀಲಿ ಸೀರೆ... ನೋಡಿದವರು ಏನಂದಾರು. ಹಾಗಂತ ಅಂದುಕೊಂಡವಳು ನಾನು. ನಾನೇ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಸುಮ್ಮನಿದ್ದೆ ಅಷ್ಟೇ. ಅವರಿಗೆ ಅಷ್ಟು ಸಾಕಾಯಿತು.

"ಸುಮ್ಕೆ ಅಂದೆ ಕಣವ್ವ" ಅಂತ ಪಿನ್ನು ತೆಗೆದರು.

ಮುಖ ನೋಡೋಕಾಗದೆ ಇಲ್ಲಿ ಬರೀತಾ ಕೂತಿದ್ದೀನಿ. ಬಿಚ್ಚಿದ ನೀಲಿಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ ನನ್ನ ಕಡೆ ಇಟ್ಟಿದ್ದಾರೆ. ಕವರಿನಿಂದ ಬಿಳಿಯದು ತೆಗೆದು ಕೊಡವುತ್ತಿದ್ದಾರೆ. ಈಗಲೂ ಹೊತ್ತು ಮೀರಿಲ್ಲ. ಉಟ್ಕೊಳಿ ಅತ್ತೆ, ಹಂಗೇ ಇಳಿಯೋಣ ಅಂತ ಹೇಳಬಹುದು, ಅವರು ನೆರಿಗೆ ಹಿಡಿಯೋಕೆ ಮೊದಲು, ಈಗ, ಎದ್ದು —