ಎಲೆಯಡಿಯ ಮೊಟ್ಟೆಗಳು

ತೋಡಾರು,
ಮೇ ೧೨, ೨೦೨೫

ಪ್ರಾಪ್ತಿಯ ಪಪ್ಪನಿಗೆ, ನನ್ನ ಪ್ರೀತಿಯ ಇವರಿಗೆ,

ಬೆನ್ನುನೋವು ಹೇಗಿದೆ? ದುಬೈಯ ಆ ಹೋಟೆಲಿನ ಅಡುಗೆಮನೆಯಲ್ಲಿ ದಿನವಿಡೀ ನಿಂತಿರುತ್ತೀರಿ, ನಡುನಡುವೆ ಸ್ವಲ್ಪ ಕೂತುಕೊಳ್ಳಿ. ನಾವಿಬ್ಬರೂ ಕ್ಷೇಮ, ಸೆಖೆ ಮಾತ್ರ ವಿಪರೀತ. ಇಲ್ಲಿ ನಡೆದದ್ದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಅರ್ಧದಲ್ಲೇ ತೊಟ್ಟಿಯ ಸೆನ್ಸರಿಗೆ ಏನಾಯ್ತು ಎಂದು ಕೇಳುತ್ತೀರಿ, ನಾನು ಕಂಡದ್ದು ನನ್ನ ಬಾಯಲ್ಲೇ ಉಳಿಯುತ್ತದೆ.

ಚಿಕ್ಕಮ್ಮನ ಹೊಸ ಮನೆಯ ಒಕ್ಕಲಿಗೆಂದು ಬೆಳ್ತಂಗಡಿಗೆ ಹೋದವರು ಅಲ್ಲೇ ಕೆಲವು ದಿನ ಉಳಿದೆವು. ನಿಮ್ಮ ಮೀನಿನ ತೊಟ್ಟಿಯ ಚಿಂತೆ ನನಗಿರಲಿಲ್ಲ. ನೀರು ಆರಿ ಇಳಿದರೆ ಸೆನ್ಸರಿಗೆ ತಿಳಿಯುತ್ತದೆ, ಪಂಪು ಬಕೆಟಿನಿಂದ ನೀರೆತ್ತಿ ತುಂಬಿಸುತ್ತದೆ, "ನೀನು ಮುಟ್ಟುವುದೇ ಬೇಡ" ಎಂದು ರಜೆಯಲ್ಲಿ ಬಂದಾಗ ಜೋಡಿಸಿಕೊಟ್ಟವರು ನೀವೇ ಅಲ್ಲವೇ? ಹಿಂದಿರುಗಿ ಬಾಗಿಲು ತೆಗೆದರೆ ಚಿಳಕ್ ಚಿಳಕ್ ಎಂಬ ಸದ್ದು. "ಮಮ್ಮಿ, ಮೀನು ಹಾರ್ತಾ ಉಂಟು!" ಎಂದು ಪ್ರಾಪ್ತಿ ಕೂಗಿದಳು. ಬಕೆಟಿನ ನೀರು ಹಾಗೆಯೇ ಇತ್ತು, ತೊಟ್ಟಿಯದ್ದು ನಾಲ್ಕು ಬೆರಳು ಇಳಿದಿತ್ತು. ಮೇಲೆ ಬಾಗಿದ ಮನಿಪ್ಲಾಂಟಿನ ಎಲೆಯಡಿ, ನೀರಿನ ಹೊರಗೆ, ಸಾಬಕ್ಕಿಯಂಥ ಮೊಟ್ಟೆಗಳು ಅಂಟಿಕೊಂಡಿದ್ದವು. ಕೆಳಗೆ ಆ ಉದ್ದ ರೆಕ್ಕೆಯ ಸಣ್ಣ ಮೀನು ಮೇಲಕ್ಕೆ ನುಗ್ಗಿ ಬಾಲದಿಂದ ನೀರೆರಚುತ್ತಿತ್ತು. ಒಂದೆರಡು ಹನಿ ಎಲೆಯ ತುದಿಗೆ ತಾಗುತ್ತಿತ್ತು, ಅಷ್ಟೇ. ಸ್ವಲ್ಪ ಸುಧಾರಿಸಿಕೊಂಡು ಅದು ಮತ್ತೆ ನುಗ್ಗುತ್ತಿತ್ತು. ಚೀಲ ಕೈಯಲ್ಲೇ ಹಿಡಿದು ನಾನು ನಿಂತುಬಿಟ್ಟೆ.

ನೀವು ಮೀನು ತಂದ ಮೂಡುಬಿದಿರೆಯ ಅಂಗಡಿಯ ಹನೀಫಾನಿಗೆ ಫೋನು ಮಾಡಿದೆ. "ಅಕ್ಕಾ, ಅದು ಅಪ್ಪ ಮೀನು. ಈ ಜಾತಿ ಮೊಟ್ಟೆ ಇಡುವುದೇ ಎಲೆಗೆ, ಬೇರೆ ಮೀನು ತಿನ್ನಬಾರ್ದಲ್ಲ. ಒಣಗದ ಹಾಗೆ ಅಪ್ಪ ನೀರು ಎರಚ್ತಾ ಇರ್ತದೆ. ನೀವು ಬೇಗ ನೀರು ತುಂಬಿಸಿ, ಆದ್ರೆ ಮೆಲ್ಲ" ಎಂದ.

ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಹೊಯ್ದೆ. ನೀರು ಏರಿದಂತೆ ಎರಚಿದ ಹನಿಗಳೂ ಮೇಲೇರಿದವು. ಕೊನೆಗೆ ಇಡೀ ಎಲೆ ತೊಯ್ದಾಗ ಪ್ರಾಪ್ತಿ ಚಪ್ಪಾಳೆ ತಟ್ಟಿದಳು. ಅಂಚಿನ ಕೆಲವು ಮೊಟ್ಟೆ ಬಿಳಿಚಿಹೋಗಿದ್ದವು, ಉಳಿದವು ಹೊಳೆಯುತ್ತಿದ್ದವು. ಆಮೇಲೆ ಸೆನ್ಸರ್ ನೋಡಿದೆ. ಅದರ ಗಾಜಿನ ಕಣ್ಣಿನ ಮೇಲೆ ಪುಟ್ಟ ಬಸವನಹುಳವೊಂದು ಕೂತಿತ್ತು. ನೀರು ತುಂಬಿಯೇ ಇದೆ ಎಂದು ಸೆನ್ಸರ್ ನಂಬಿಕೊಂಡಿತ್ತು, ಪಾಪ.

ಮರುದಿನ ಸಂಜೆ ಎಲೆಯಿಂದ ಏನೋ ಜಾರಿ ನೀರಿಗೆ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೊಂದು. ಕೂದಲೆಳೆಯಷ್ಟು ಸಪೂರ, ಎರಡು ಕಪ್ಪು ಚುಕ್ಕಿ ಕಣ್ಣು! ನಿಮ್ಮ ಮಗಳು ತೊಟ್ಟಿಗೆ ಮೂಗು ತಾಗಿಸಿ ಎಣಿಸತೊಡಗಿದಳು. ನಮ್ಮ ಜಗಲಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ, ಇಂಥದ್ದು ನಡೆಯುತ್ತದೆಯೇ!

ಹನೀಫಾ ಬಂದು, ನೀರಿನ ಮೇಲೆ ತೇಲುವ ಇನ್ನೊಂದು ಸೆನ್ಸರ್ ಹಾಕಿಕೊಟ್ಟ. "ಒಂದನ್ನೇ ನಂಬುವುದು ಬೇಡ ಅಕ್ಕ. ಎರಡಿದ್ರೂ ದಿನಕ್ಕೊಮ್ಮೆ ನೀವೇ ನೋಡಿ" ಎಂದು ಹೇಳಿ ಹೋದ.

ಬಿಸಿಲಿಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ದೈವದೇವರು ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ನಿಮ್ಮ,
ವಿಜೇತಾ

ತಾ.ಕ.: ಲಕೋಟೆ ಅಂಟಿಸಲು ಹೊರಟವಳು ಮತ್ತೆ ಪೆನ್ನು ಹಿಡಿದೆ. ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಲೇ ಎಂದು ಕೇಳಿದ್ದಿರಿ, ನಾನು ನಿಮ್ಮಿಷ್ಟ ಎಂದಿದ್ದೆ. ಹಾಕಬೇಡಿ. ಮೂಡುಬಿದಿರೆಯಲ್ಲಿಯೂ ಜನ ಊಟ ಮಾಡುತ್ತಾರೆ. ಬಂದುಬಿಡಿ.