ಕಿಟ್ಟುವಿನ ಪಕ್ಕದ ಎಲೆ

ಮಾದಾಪುರ,
೧೪-೩-೧೯೫೫, ಸೋಮವಾರ

ಪೂಜ್ಯ ಅಪ್ಪಯ್ಯನಿಗೆ,

ಕಾತ್ಯಾಯನಿಯ ನಮಸ್ಕಾರ. ನಿಮ್ಮ ಮಂಡಿನೋವು ಹೇಗಿದೆ? ಬೆಳಗಿನ ಪೂಜೆಗೆ ಮುಂಚೆ ತಣ್ಣೀರು ಹೊಯ್ದುಕೊಳ್ಳಬೇಡಿ ಎಂದರೆ ನೀವು ಕೇಳುವವರಲ್ಲ; ರಾತ್ರಿ ಮಲಗುವಾಗ ಎಣ್ಣೆಯನ್ನಾದರೂ ಬಿಸಿ ಮಾಡಿ ತಿಕ್ಕಿಕೊಳ್ಳಿ. ಕರಿ ಹಸು ಈದಿತೆಂದು ಓದಿ ಸಂತೋಷವಾಯಿತು. ಇಲ್ಲಿ ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗಿದೆ, ಆ ವಾಸನೆಗೆ ನನಗೆ ದಿನವಿಡೀ ತಲೆನೋವು. ಕಿಟ್ಟು ಚೆನ್ನಾಗಿದ್ದಾನೆ. ಮಗನ ಕ್ಷೇಮವನ್ನು ನಿಮ್ಮ ಕಾಗದದ ಕಡೆಯ ಸಾಲಿನಲ್ಲಿ ಕೇಳಿದ್ದೀರಿ, ಹಸುವಿನ ಸಮಾಚಾರವೆಲ್ಲ ಮುಗಿದ ಮೇಲೆ.

ಮನೋರಮಾ ಚಿಕ್ಕಮ್ಮನ ಕೈಲಿ ನೀವು ಕಳಿಸಿದ ವಿಭೂತಿ, ತಾಯಿತ, ಮಂತ್ರಿಸಿದ ನಿಂಬೆಹಣ್ಣು ಎಲ್ಲ ತಲುಪಿದವು. ಚಿಕ್ಕಮ್ಮ ಬಂದವರೇ ಕಿಟ್ಟುವಿನ ಕೆನ್ನೆ ಸವರಿ "ಅಯ್ಯೋ, ಎಷ್ಟು ಇಳಿದುಹೋಗಿದ್ದೀಯೋ" ಎಂದು ಅತ್ತರು. ಅವನು ದಪ್ಪಗಾಗಿ ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ. ಆಮೇಲೆ ಶನಿಯ ಕಾಟ ಮುಗಿಯುವ ತನಕ ಹೀಗೇ ಎಂದು ಅವನೆದುರಿಗೇ ನನಗೆ ಹೇಳಿದರು. ಅಮ್ಮ ಹೋದ ಮೇಲೆ ಅವನು ಯಾಕೆ ಸಿಕ್ಕಿದ ಬಸ್ಸು ಹತ್ತಿ ಓಡಿಹೋಗುತ್ತಿದ್ದ, ಶಾಲೆಯ ಗಾಜುಗಳನ್ನೆಲ್ಲ ಯಾಕೆ ಒಡೆದ ಎಂದು ಇಷ್ಟು ದಿನದಲ್ಲಿ ನಮ್ಮ ಕಡೆಯವರೊಬ್ಬರೂ ಅವನನ್ನು ಕೇಳಿಲ್ಲ. ಎಲ್ಲರೂ ಜಾತಕವನ್ನೇ ಕೇಳುತ್ತಾರೆ. ಸೈನ್ಯದಿಂದ ಬಂದು, ತಮ್ಮ ತೋಟದ ಹಳೆಯ ಬಂಗಲೆಯನ್ನು ಇಂಥ ಹುಡುಗರಿಗೆ ಬಿಟ್ಟುಕೊಟ್ಟ ಪೂವಯ್ಯನವರು ಆ ತಾಯಿತವನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಟೀಚರೇ, ನಿಮ್ಮಪ್ಪ ಎಲ್ಲಾ ಕಳಿಸ್ತಾರೆ, ತಾವು ಮಾತ್ರ ಬರಲ್ಲ. ನನಗೆ ತಾಯಿತ ಬೇಡ, ಅಪ್ಪ ಬೇಕು" ಎಂದರು. ನಾಲ್ಕು ಜನರೆದುರು ಬಾಯಿ ಬಿಡಲಾರದವಳು ನಾನು, ನಿಮಗೆ ಗೊತ್ತೇ ಇದೆ. ಬಿ.ಎ. ಮಾಡಿದವಳು ಈ ಹುಡುಗರಿಗೆ ಕನ್ನಡ ಕಲಿಸುತ್ತ ಇಲ್ಲಿ ಕೂತಿರುವುದು ನಿಮಗೆ ಅವಮಾನವೆಂದೂ ಗೊತ್ತು. ಮನೆಯವರೆಂದು ಯಾರಾದರೂ ಒಬ್ಬರು ಅವನ ಕಣ್ಣಿಗೆ ಬೀಳುತ್ತಿರಬೇಕಲ್ಲ ಅಪ್ಪಯ್ಯ.

ಊರಿನಲ್ಲಿ ಅವನು ಮೈಸೂರಿನಲ್ಲಿ ಸಂಸ್ಕೃತ ಓದುತ್ತಿದ್ದಾನೆಂದು ಹೇಳಿದ್ದೀರಂತೆ. ಮೇಲಿನ ಮನೆಯ ಶಾಸ್ತ್ರಿಗಳು ಮೈಸೂರಿಗೆ ಹೋದಾಗ ಚಕ್ಕುಲಿ ಡಬ್ಬ ಹಿಡಿದುಕೊಂಡು ಒಂದೊಂದೇ ಪಾಠಶಾಲೆ ಹೊಕ್ಕು ಅವನನ್ನು ಹುಡುಕಿದರಂತೆ! ಚಿಕ್ಕಮ್ಮ ಇದನ್ನು ನಗುತ್ತಾ ಹೇಳಿದರು. ಕಿಟ್ಟುವೂ ನಕ್ಕ. ಆಮೇಲೆ ಊಟಕ್ಕೆ ಬರಲಿಲ್ಲ.

ಸಂಕ್ರಾಂತಿಯ ನಂತರ ನೀವು ಬಂದಿರಲ್ಲ, ಆ ದಿನದ ಉಳಿದ ಕಥೆಯನ್ನು ನಾನು ನಿಮಗೆ ಬರೆದಿರಲಿಲ್ಲ. ಅಡಿಗೆಯ ಸಿದ್ದಮ್ಮನ ಜೊತೆ ಬೆಳಗಿನಿಂದ ಒಲೆಯ ಮುಂದಿದ್ದು ಅವನು ನಿಮಗೆಂದು ಮಜ್ಜಿಗೆಹುಳಿ ಮಾಡಿದ್ದ. ಅಮ್ಮ ಮಾಡುತ್ತಿದ್ದ ಹಾಗೆ, ಬೂದುಗುಂಬಳ ಹಾಕಿ. ಸಾಲಿನಲ್ಲಿ ತನ್ನ ಪಕ್ಕಕ್ಕೆ ನಿಮಗೊಂದು ಎಲೆ ಹಾಕಿ, ನೀರು ಚಿಮುಕಿಸಿ, ನಿಂತೇ ಇದ್ದ. ನೀವು ಜಗಲಿಯ ಆಚೆಯಿಂದಲೇ ಎಳನೀರು ಕುಡಿದು, "ನನಗೆ ಹೊರಗಡೆ ಆಗೋದಿಲ್ಲ" ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟಿರಿ. ಸಾಲಿನಲ್ಲಿ ಯಾರು ಯಾರ ಮಕ್ಕಳು ಕೂತಿದ್ದಾರೆಂದು ನೀವು ಕಣ್ಣಾಡಿಸಿದ್ದನ್ನು ನಾನು ನೋಡಿದೆ. ಅವನೂ ನೋಡಿದ. ಬಸ್ಸು ತಿರುವು ದಾಟುವುದರೊಳಗೆ ಹುಳಿಯ ಪಾತ್ರೆ ಚರಂಡಿಯಲ್ಲಿತ್ತು. ಸಂಜೆ ಅವನೂ ಇರಲಿಲ್ಲ. ಪೂವಯ್ಯನವರು ಕುಶಾಲನಗರದ ಬಸ್‌ ಸ್ಟ್ಯಾಂಡಿನಿಂದ ಹಿಡಿದು ತಂದರು. ಬೈಯಲಿಲ್ಲ. "ನಾಳೆ ಪಾತ್ರೆ ನೀನೇ ಉಜ್ಜು" ಎಂದರು, ಅಷ್ಟೆ.

ಈಗ ಮುಖ್ಯ ವಿಷಯ. ಅವನನ್ನು ಇಲ್ಲಿರಿಸಲು ಮ್ಯಾಜಿಸ್ಟ್ರೇಟರು ಕೊಟ್ಟ ವರ್ಷ ಮಾಸಾಂತ್ಯಕ್ಕೆ ಮುಗಿಯುತ್ತದೆ. ಮನೆಗೆ ಕಳಿಸುವುದೋ, ಇಲ್ಲಾ ಮದರಾಸು ಸೀಮೆಯ ಸರ್ಕಾರಿ ಬಾಲಾಪರಾಧಿ ಶಾಲೆಗೋ ಎಂದು ಅವರು ತೀರ್ಮಾನಿಸುತ್ತಾರೆ. ಹುಡುಗನಿಗೆ ಹಿಂದಿರುಗಲು ಮನೆಯಿದೆ ಎಂದು ಪೂವಯ್ಯನವರು ಬರೆದುಕೊಡಬೇಕು. ಅವರು ಬರೆಯುವುದಿಲ್ಲ ಎನ್ನುತ್ತಿದ್ದಾರೆ. "ಒಂದು ಹೊತ್ತು ಮಗನ ಪಕ್ಕ ಕೂತು ಉಣ್ಣಲಾರದವರ ಮನೆಗೆ ಹೇಗೆ ಕಳಿಸಲಿ? ಮತ್ತೆ ಬಸ್‌ ಸ್ಟ್ಯಾಂಡಿಗೇ ಹೋಗ್ತಾನೆ." ನಿಮ್ಮ ಮಡಿಯ ಕಷ್ಟವನ್ನು ನಾನು ತೊದಲುತ್ತಾ ಹೇಳಿದೆ. ಬೇರೆ ಒಲೆ, ಹೊಸ ಪಾತ್ರೆ ಕೊಡುತ್ತೇನೆ, ಭಟ್ಟರು ತಾವೇ ಬೇಯಿಸಿಕೊಳ್ಳಲಿ, ಆದರೆ ಕೂರುವುದು ಸಾಲಿನಲ್ಲೇ ಎಂದರು. ಇನ್ನೇನು ಮಾಡಬೇಕು ಅವರು? ಭಾನುವಾರ ಇಪ್ಪತ್ತನೇ ತಾರೀಖು ಎಂದು ನಾನೇ ಒಪ್ಪಿ ಬಂದಿದ್ದೇನೆ. ದೇವಸ್ಥಾನದ ಪಾಳಿಗೆ ಸೀತಾರಾಮ ಮಾವನನ್ನು ಕೇಳಿ. ಕೇಳಿದರೆ ಇಲ್ಲವೆನ್ನುವವರಲ್ಲ ಅವರು. ಮಂಡಿನೋವೆಂದು ಬರೆಯಬೇಡಿ. ವಿಭೂತಿ ಕಳಿಸಬೇಡಿ. ದಯವಿಟ್ಟು ಮಾವನನ್ನು ನಿಮ್ಮ ಬದಲಿಗೆ ಇಲ್ಲಿಗೆ ಅಟ್ಟಬೇಡಿ.

ನಿಮಗೆ ಹೀಗೆ ಬರೆಯುತ್ತೇನೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಅಜ್ಜಿಗೆ ನಮಸ್ಕಾರ ತಿಳಿಸಿ, ಕರುವಿಗೆ ಹೆಸರಿಟ್ಟರೆ ಬರೆಯಿರಿ. ನಿಮ್ಮ ಆಶೀರ್ವಾದವನ್ನು ಈ ಸಲ ಅಂಚೆಯಲ್ಲಿ ಬೇಡ, ಎದುರಿಗೇ ಕೊಡಿ.

ನಿಮ್ಮ ಮಗಳು,
ಕಾತ್ಯಾಯನಿ

ತಾ.ಕ.: ಅಂಚೆಯವನು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕಿಟ್ಟು ಈಗ ಬಂದು, ಭಾನುವಾರ ಏಕಾದಶಿ, ಅಪ್ಪಯ್ಯ ಅನ್ನ ಮುಟ್ಟೋದಿಲ್ಲ, ನಿನಗೆ ಅಷ್ಟೂ ಗೊತ್ತಿಲ್ಲವಾ ಎಂದು ನನ್ನನ್ನು ಬೈದ. ನನಗೆ ನಿಜವಾಗಿ ತೋಚಿರಲಿಲ್ಲ. ಅವನು ಆಗಲೇ ಪೂವಯ್ಯನವರನ್ನು ಒಪ್ಪಿಸಿದ್ದಾನೆ: ಆ ದಿನ ಸಾಲಿನಲ್ಲಿ ಯಾರಿಗೂ ಅನ್ನವಿಲ್ಲ. ಎಲ್ಲರಿಗೂ ಬಾಳೆಹಣ್ಣು, ಕಾಯಿಸಿದ ಹಾಲು. ಹಣ್ಣು-ಹಾಲಿಗೆ ಮೈಲಿಗೆ ಇಲ್ಲವೆಂದು ನೀವೇ ಹೇಳಿಕೊಟ್ಟಿದ್ದಿರಂತೆ. ತೋಟದ ಕೂಲಿ ಲೈನಿನ ಹುಡುಗ ಜವರಿ "ಏ ಭಟ್ಟ, ನಿಮ್ಮಪ್ಪ ಉಪವಾಸ ಮಾಡಿದ್ರೆ ನಮ್ಮ ಹೊಟ್ಟೆ ಯಾಕೆ ಒಣಗಬೇಕೋ?" ಎಂದು ಕೂಗಾಡಿದ, ಕಿಟ್ಟು "ಒಂದು ದಿನಕ್ಕೆ ಸಾಯಲ್ಲ, ಸುಮ್ನಿರೋ" ಎಂದ. ಈಗ ಎಲ್ಲರೂ ಒಪ್ಪಿದ್ದಾರೆ, ಮಾಪಿಳ್ಳೆ ಸಾಬರ ಹುಡುಗನೂ. ನಿಮಗೆ ಕೂರಲು ಜಾಗ ಮಾಡಿಕೊಡುವುದಕ್ಕೆ ಇಷ್ಟು ಮಕ್ಕಳು ಊಟ ಬಿಡುತ್ತಿದ್ದಾರೆ ಅಪ್ಪಯ್ಯ. ಮೊದಲನೇ ಬಸ್ಸಿಗೇ ಬನ್ನಿ.